432 ಕೋಟಿಯ ಲೆಕ್ಕ: ವಿಶ್ವದ ಹುಟ್ಟು – ಅಂದಿನ ಚಿಂತನೆ, ಇಂದಿನ ವಿಜ್ಞಾನ



ಕಳೆದ ತಿಂಗಳು ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪ್ರಾಯೋಗಿಕ ತರಗತಿ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ತನ್ನ ರೆಕಾರ್ಡ್ ಪುಸ್ತಕದ ಕೊನೆಯ ಪುಟ ತೆರೆದು ತೋರಿಸಿದಳು. ಕಾಲೇಜಿಗೆ ಮೊಬೈಲ್ ತರುವಂತಿಲ್ಲವಾದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವೊಂದನ್ನು ಅಲ್ಲಿ ಬರೆದುಕೊಂಡು ಬಂದಿದ್ದಳು. ಭೂಮಿಯ ವಯಸ್ಸು 432 ಕೋಟಿ ವರ್ಷ ಎಂದು ನಮ್ಮ ಋಷಿಗಳು ಸಾವಿರಾರು ವರ್ಷಗಳ ಹಿಂದೆಯೇ ಹೇಳಿದ್ದರು, ವಿಜ್ಞಾನಿಗಳು ಈಗ 454 ಕೋಟಿ ಎನ್ನುತ್ತಿದ್ದಾರೆ. ಮಹಾಸ್ಫೋಟದ ವಿಷಯವೂ ವೇದದಲ್ಲಿದೆ – ಇದು ಸಂದೇಶದ ಸಾರಾಂಶ. "ಸರ್, ಇದು ನಿಜವೇ? ಪರೀಕ್ಷೆಯಲ್ಲಿ ಬರೆಯಬಹುದೇ?" ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಹುಡುಗ ನಕ್ಕು, "ಅದೆಲ್ಲ ಅಜ್ಜಿ ಕಥೆ" ಎಂದ. ಅವಳ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಬೆಲ್ ಹೊಡೆಯಿತು. ವರ್ಷವಿಡೀ ಒಂದೇ ಮೇಜಿನಲ್ಲಿ ಪ್ರಯೋಗ ಮಾಡುತ್ತಿದ್ದ ಇಬ್ಬರು ಮುಂದಿನ ತರಗತಿಯಲ್ಲಿ ಬೇರೆ ಬೇರೆ ಮೇಜಿಗೆ ಹೋಗಿ ನಿಂತರು.

ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಅವಳೊಬ್ಬಳಿಗಷ್ಟೇ ಅಲ್ಲ, ನಕ್ಕ ಹುಡುಗನಿಗೂ ಹೌದು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಒಂದೇ ತಪ್ಪು ಮಾಡಿದ್ದಾರೆ. ಇಬ್ಬರೂ ಆ ಗ್ರಂಥಗಳಲ್ಲಿ ನಿಜವಾಗಿ ಏನಿದೆ ಎಂದು ನೋಡಿಲ್ಲ.

ಹಳೆಯ ಗ್ರಂಥಗಳಲ್ಲಿ ಏನಿದೆ?

ಮೊದಲು ತಿಳಿಯಬೇಕಾದ ಸಂಗತಿ, ವಿಶ್ವದ ಹುಟ್ಟಿನ ಬಗ್ಗೆ ಪ್ರಾಚೀನ ಹಿಂದೂ ಗ್ರಂಥಗಳು ಒಂದೇ ಉತ್ತರ ಕೊಡುವುದಿಲ್ಲ. ಅಲ್ಲಿ ಹಲವು ಉತ್ತರಗಳಿವೆ, ಅವುಗಳ ನಡುವೆ ವಾದವೂ ಇದೆ.

ಋಗ್ವೇದದ ಹತ್ತನೆಯ ಮಂಡಲವನ್ನೇ ನೋಡಿ. ಇದು ಸುಮಾರು 3,000 ವರ್ಷ ಹಳೆಯದು. ಅದರ 90ನೆಯ ಸೂಕ್ತವಾದ ಪುರುಷಸೂಕ್ತದಲ್ಲಿ ಒಬ್ಬ ವಿರಾಟ್ ಪುರುಷನನ್ನು ದೇವತೆಗಳು ಯಜ್ಞದಲ್ಲಿ ಅರ್ಪಿಸುತ್ತಾರೆ. ಅವನ ಅಂಗಗಳಿಂದ ಸೂರ್ಯ, ಚಂದ್ರ, ಆಕಾಶ, ಭೂಮಿ ಉಂಟಾಗುತ್ತವೆ. 121ನೆಯ ಸೂಕ್ತದಲ್ಲಿ ಹಿರಣ್ಯಗರ್ಭ ಎಂಬ ಚಿನ್ನದ ಗರ್ಭ ಎಲ್ಲಕ್ಕಿಂತ ಮೊದಲು ಕಾಣಿಸಿಕೊಳ್ಳುತ್ತದೆ. 72ನೆಯ ಸೂಕ್ತದಲ್ಲಿ ಬ್ರಹ್ಮಣಸ್ಪತಿಯು ಕಮ್ಮಾರ ತಿದಿ ಊದಿ ಲೋಹ ಬೆಸೆಯುವಂತೆ ಜಗತ್ತನ್ನು ರೂಪಿಸುತ್ತಾನೆ. ಒಂದೇ ಮಂಡಲದಲ್ಲಿ ಮೂರು ಚಿತ್ರಗಳು: ಯಜ್ಞ, ಗರ್ಭ, ಕುಲುಮೆ.

ನಾಲ್ಕನೆಯದು 129ನೆಯ ಸೂಕ್ತ. ಇದನ್ನು ನಾಸದೀಯ ಸೂಕ್ತ ಎನ್ನುತ್ತಾರೆ. ಏಳೇ ಮಂತ್ರಗಳ ಈ ಸೂಕ್ತ ಜಗತ್ತಿನ ಚಿಂತನೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಸೃಷ್ಟಿಗೆ ಮುಂಚಿನ ಸ್ಥಿತಿಯನ್ನು 'ಇತ್ತು' ಎಂದಾಗಲಿ 'ಇರಲಿಲ್ಲ' ಎಂದಾಗಲಿ ಹೇಳಲು ಬರುವುದಿಲ್ಲ ಎಂಬಲ್ಲಿಂದ ಅದು ಆರಂಭವಾಗುತ್ತದೆ. ಆಗ ಸಾವು, ಅಮರತ್ವ, ಹಗಲು, ರಾತ್ರಿ ಎಂಬ ಗುರುತುಗಳಿರಲಿಲ್ಲ. ಕತ್ತಲು, ನೀರು, ತಪಸ್ಸಿನ ಕಾವು, ಕಾಮ ಅಂದರೆ ಬಯಕೆ – ಇವುಗಳ ಮೂಲಕ ಏನೋ ಒಂದು ಮೂಡಿತು ಎನ್ನುತ್ತದೆ. ಆದರೆ ಈ ಸೂಕ್ತ ದೊಡ್ಡದಾಗುವುದು ಅದರ ಕೊನೆಯಲ್ಲಿ. ದೇವತೆಗಳೂ ಸೃಷ್ಟಿಯ ಆಮೇಲೆ ಬಂದವರು, ಹಾಗಾದರೆ ಇದು ಎಲ್ಲಿಂದ ಬಂತೆಂದು ಬಲ್ಲವರು ಯಾರು ಎಂದು ಕವಿ ಕೇಳುತ್ತಾನೆ. ಮೇಲಿನಿಂದ ನೋಡುತ್ತಿರುವವನಿಗೆ ತಿಳಿದಿರಬಹುದು ಎಂದು ಹೇಳಿ, ಮರುಗಳಿಗೆಯಲ್ಲೇ ಅವನಿಗೂ ತಿಳಿದಿಲ್ಲದಿರಬಹುದು ಎಂದು ನಿಲ್ಲಿಸಿಬಿಡುತ್ತಾನೆ.

ನಮ್ಮ ವಿದ್ಯಾರ್ಥಿನಿಯ ಸಂದೇಶ ಈ ಸೂಕ್ತವನ್ನು ಮಹಾಸ್ಫೋಟದ ವರದಿ ಎಂದು ಕರೆದಿತ್ತು. ಆದರೆ ಸೂಕ್ತವು ಏನು ನಡೆಯಿತೆಂದು ಖಚಿತವಾಗಿ ಹೇಳಲು ಒಪ್ಪುವುದೇ ಇಲ್ಲ. ಅದು ಕೊಟ್ಟಿರುವುದು ಪ್ರಶ್ನೆಯನ್ನು. ಪ್ರಶ್ನೆ ಕೇಳಿದವನ ಬಾಯಿಗೆ ನಾವೇ ಉತ್ತರ ತುರುಕಿದರೆ ಅವನಿಗೆ ಗೌರವ ಕೊಟ್ಟಂತಾಗುವುದಿಲ್ಲ.

ಉಪನಿಷತ್ತುಗಳಲ್ಲಿ ಈ ವಾದ ಮುಂದುವರಿಯುತ್ತದೆ. ತೈತ್ತಿರೀಯ ಉಪನಿಷತ್ತು ಒಂದು ಕಡೆ ಮೊದಲು 'ಅಸತ್' ಇತ್ತು, ಅದರಿಂದ 'ಸತ್' ಹುಟ್ಟಿತು ಎನ್ನುತ್ತದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಪಾಠ ಹೇಳುತ್ತ ಇದೇ ಮಾತನ್ನು ಪ್ರಶ್ನಿಸುತ್ತಾನೆ. ಇಲ್ಲದ್ದರಿಂದ ಇರುವುದು ಹುಟ್ಟುವುದು ಹೇಗೆ? ಆದ್ದರಿಂದ ಮೊದಲು ಇದ್ದದ್ದು ಸತ್ ಒಂದೇ ಎಂಬುದು ಅವನ ತೀರ್ಮಾನ. ಅದೇ ಛಾಂದೋಗ್ಯದ ಇನ್ನೊಂದು ಭಾಗದಲ್ಲಿ ಒಂದು ಮೊಟ್ಟೆ ಒಡೆದು ಬೆಳ್ಳಿಯ ಹೋಳು ಭೂಮಿಯಾಗಿ, ಚಿನ್ನದ ಹೋಳು ಆಕಾಶವಾಗುವ ವರ್ಣನೆ ಇದೆ. ಮುಂದೆ ಬಂದ ದರ್ಶನಗಳಲ್ಲಿ ಸಾಂಖ್ಯರು ಪ್ರಕೃತಿಯೇ ಹಂತಹಂತವಾಗಿ ಅರಳಿ ಜಗತ್ತಾಯಿತು ಎಂದರು. ವೈಶೇಷಿಕರು ಪರಮಾಣುಗಳು ಕೂಡಿ ಜಗತ್ತಾಯಿತು ಎಂದರು. ಮೀಮಾಂಸಕ ಕುಮಾರಿಲ ಭಟ್ಟನಂಥವರು ಇಡೀ ಜಗತ್ತು ಒಮ್ಮೆ ಹುಟ್ಟಿತು, ಒಮ್ಮೆ ನಾಶವಾಗುತ್ತದೆ ಎಂಬ ಮಾತನ್ನೇ ಒಪ್ಪಲಿಲ್ಲ.

ಇಷ್ಟು ವೈವಿಧ್ಯವಿರುವ ಪರಂಪರೆಯನ್ನು 'ಅಜ್ಜಿ ಕಥೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳಿದವನು ಉದ್ದಾಲಕನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಆ ದೊಡ್ಡ ಸಂಖ್ಯೆಗಳು

ಈಗ 432 ಕೋಟಿಗೆ ಬರೋಣ. ಈ ಸಂಖ್ಯೆ ವೇದದ್ದಲ್ಲ. ಪುರಾಣಗಳು ಮತ್ತು ಸೂರ್ಯಸಿದ್ಧಾಂತದಂಥ ಖಗೋಳ ಗ್ರಂಥಗಳು ಕೊಡುವ ಕಾಲಗಣನೆಯಿಂದ ಬಂದದ್ದು. ಲೆಕ್ಕ ಹೀಗಿದೆ: ಕಲಿಯುಗ 4,32,000 ವರ್ಷ. ದ್ವಾಪರ ಅದರ ಎರಡು ಪಟ್ಟು, ತ್ರೇತಾ ಮೂರು ಪಟ್ಟು, ಕೃತಯುಗ ನಾಲ್ಕು ಪಟ್ಟು. ನಾಲ್ಕೂ ಸೇರಿ ಒಂದು ಮಹಾಯುಗ, ಅಂದರೆ 43,20,000 ವರ್ಷ. ಇಂಥ 1,000 ಮಹಾಯುಗ ಸೇರಿದರೆ ಒಂದು ಕಲ್ಪ, ಅಂದರೆ 432 ಕೋಟಿ ವರ್ಷ. ಇದು ಬ್ರಹ್ಮನ ಒಂದು ಹಗಲು. ರಾತ್ರಿಯೂ ಅಷ್ಟೇ ದೀರ್ಘ. ಬ್ರಹ್ಮನ ಹಗಲಿನಲ್ಲಿ ಲೋಕಗಳು ಇರುತ್ತವೆ, ರಾತ್ರಿಯಲ್ಲಿ ಲಯವಾಗುತ್ತವೆ, ಮತ್ತೆ ಬೆಳಗಾದರೆ ಮತ್ತೆ ಸೃಷ್ಟಿ. ಬ್ರಹ್ಮನ ಆಯುಸ್ಸು ಅವನ ಲೆಕ್ಕದಲ್ಲಿ 100 ವರ್ಷ. ನಮ್ಮ ಲೆಕ್ಕದಲ್ಲಿ ಸುಮಾರು 311 ಲಕ್ಷ ಕೋಟಿ ವರ್ಷ.

ಇಷ್ಟು ದೊಡ್ಡ ಸಂಖ್ಯೆಗಳು ಯಾಕೆ ಬೇಕಾದವು? ಖಗೋಳ ಗಣಿತಜ್ಞರಿಗೆ ಒಂದು ಪ್ರಾಯೋಗಿಕ ಅಗತ್ಯವಿತ್ತು. ಸೂರ್ಯ, ಚಂದ್ರ, ಗ್ರಹಗಳು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಎಲ್ಲವೂ ಒಂದೇ ಗೆರೆಯಿಂದ ಹೊರಟು ಪೂರ್ಣ ಸುತ್ತುಗಳನ್ನು ಮುಗಿಸಿ ಮತ್ತೆ ಅದೇ ಗೆರೆಗೆ ಬರಲು ಎಷ್ಟು ಕಾಲ ಬೇಕು? ನೀವು ಹೈಸ್ಕೂಲಿನಲ್ಲಿ ಕಲಿತ ಲಘುತಮ ಸಾಮಾನ್ಯ ಅಪವರ್ತ್ಯದ ಲೆಕ್ಕದಂತೆಯೇ ಇದು. ಭಿನ್ನರಾಶಿಗಳಿಲ್ಲದೆ ಎಲ್ಲ ಗ್ರಹಗಳ ಗತಿಯನ್ನು ಬರೆಯಲು ದೊಡ್ಡದೊಂದು ಕಾಲಾವಧಿ ಅನುಕೂಲ.

ಈ ಸಂಖ್ಯೆಗಳನ್ನು ಎಲ್ಲರೂ ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ ಮಹಾಯುಗವನ್ನು ತಲಾ 10,80,000 ವರ್ಷಗಳ ನಾಲ್ಕು ಸಮಭಾಗ ಮಾಡಿದ. ಅವನ ಕಲ್ಪದಲ್ಲಿ 1,000 ಬದಲು 1,008 ಮಹಾಯುಗಗಳಿವೆ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತ ಬರೆದ ಬ್ರಹ್ಮಗುಪ್ತ, ಪರಂಪರೆಯ ಲೆಕ್ಕವನ್ನು ಬಿಟ್ಟದ್ದಕ್ಕಾಗಿ ಆರ್ಯಭಟನನ್ನು ಕಟುವಾಗಿ ಟೀಕಿಸಿದ.

ಆಧುನಿಕ ವಿಜ್ಞಾನ ಹೇಳುವುದೇನು?

ಇನ್ನು ಇಂದಿನ ವಿಶ್ವವಿಜ್ಞಾನದ ಮಾತು. ವಿಶ್ವದ ಇಂದಿನ ವಯಸ್ಸು ಸುಮಾರು 1,380 ಕೋಟಿ ವರ್ಷ ಎಂದು ಅದು ಹೇಳುತ್ತದೆ. ಇದು ಮೂರು ಮುಖ್ಯ ಸಾಕ್ಷ್ಯಗಳ ಮೇಲೆ ನಿಂತ ಚಿತ್ರ.

ಒಂದನೆಯದು ವಿಸ್ತರಣೆ. 1920ರ ದಶಕದಲ್ಲಿ ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ ಮತ್ತು ಬೆಲ್ಜಿಯಂನ ಜಾರ್ಜ್ ಲೆಮೈತ್ರ್, ಐನ್‌ಸ್ಟೈನರ ಸಮೀಕರಣಗಳ ಪ್ರಕಾರ ವಿಶ್ವ ಹಿಗ್ಗುತ್ತಿರಬಹುದು ಎಂದು ತೋರಿಸಿದರು. 1929ರಲ್ಲಿ ಎಡ್ವಿನ್ ಹಬಲ್ ದೂರದ ಗೆಲಾಕ್ಸಿಗಳ ಬೆಳಕನ್ನು ಅಳೆದು, ಗೆಲಾಕ್ಸಿ ದೂರವಿದ್ದಷ್ಟೂ ಹೆಚ್ಚು ವೇಗವಾಗಿ ದೂರ ಸರಿಯುತ್ತಿದೆ ಎಂದು ಪ್ರಕಟಿಸಿದರು. ಒಣದ್ರಾಕ್ಷಿ ಹಾಕಿದ ಬನ್ನಿನ ಹಿಟ್ಟು ಉಬ್ಬುವುದನ್ನು ನೆನೆಸಿಕೊಳ್ಳಿ. ಯಾವ ದ್ರಾಕ್ಷಿಯ ಮೇಲೆ ಕುಳಿತು ನೋಡಿದರೂ ಉಳಿದವೆಲ್ಲ ದೂರ ಹೋಗುತ್ತಿರುವಂತೆ ಕಾಣುತ್ತವೆ. ಬಾಂಬ್ ಸಿಡಿದಂತೆ ಒಂದು ಜಾಗದಲ್ಲಿ ನಡೆದ ಸ್ಫೋಟ ಇದಲ್ಲ. ಜಾಗವೇ ಎಲ್ಲ ಕಡೆ ಹಿಗ್ಗಿದ್ದು. 'ಬಿಗ್ ಬ್ಯಾಂಗ್' ಎಂಬ ಹೆಸರು 1949ರಲ್ಲಿ ಬಿಬಿಸಿ ರೇಡಿಯೋ ಭಾಷಣದಲ್ಲಿ ಫ್ರೆಡ್ ಹಾಯ್ಲ್ ಬಳಸಿದ್ದು. ಅವರು ಈ ಸಿದ್ಧಾಂತವನ್ನು ಒಪ್ಪದವರು.

ಎರಡನೆಯದು ಹೀಲಿಯಂ. ವಿಶ್ವ ಮೊದಲು ಅತ್ಯಂತ ಬಿಸಿಯಾಗಿ, ದಟ್ಟವಾಗಿ ಇದ್ದಿದ್ದರೆ ಮೊದಲ ಕೆಲವು ನಿಮಿಷಗಳಲ್ಲಿ ಹೈಡ್ರೋಜನ್‌ನ ಒಂದು ಪಾಲು ಹೀಲಿಯಂ ಆಗಿರಬೇಕು. ಲೆಕ್ಕ ಹಾಕಿದರೆ ತೂಕದಲ್ಲಿ ಸುಮಾರು ಕಾಲುಭಾಗ ಬರುತ್ತದೆ. ನಕ್ಷತ್ರಗಳಿಂದ ಹೆಚ್ಚು ಬದಲಾಗದ ಹಳೆಯ ಅನಿಲ ಮೋಡಗಳಲ್ಲಿ ಅಳೆದಾಗಲೂ ಸುಮಾರು ಕಾಲುಭಾಗವೇ ಸಿಗುತ್ತದೆ.

ಮೂರನೆಯದು ಹಿನ್ನೆಲೆ ವಿಕಿರಣ. ಹಿಂದೆ ಅಷ್ಟು ಬಿಸಿಯಿದ್ದರೆ ಆ ಬಿಸಿಯ ಉಳಿಕೆ ಇಂದಿಗೂ ಎಲ್ಲೆಡೆ ಹರಡಿರಬೇಕು, ಅದರ ತಾಪ ಸುಮಾರು 5 ಕೆಲ್ವಿನ್ ಇರಬಹುದು ಎಂದು ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲಿ ಹೇಳಿದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಒಂದು ದೊಡ್ಡ ಆಂಟೆನಾದಲ್ಲಿ ಕೆಲಸ ಮಾಡುತ್ತಿದ್ದಾಗ ಯಾವ ದಿಕ್ಕಿಗೆ ತಿರುಗಿಸಿದರೂ ಹೋಗದ ಒಂದು ಸದ್ದು ಸಿಕ್ಕಿತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನೆಲ್ಲ ತೊಳೆದರೂ ಸದ್ದು ನಿಲ್ಲಲಿಲ್ಲ. 1965ರಲ್ಲಿ ಪ್ರಕಟವಾದ ಆ ಸದ್ದೇ ಹಿನ್ನೆಲೆ ವಿಕಿರಣ. ಇಬ್ಬರಿಗೂ 1978ರಲ್ಲಿ ನೊಬೆಲ್ ಬಂತು. ಇಂದು ಅದರ ತಾಪವನ್ನು 2.725 ಕೆಲ್ವಿನ್ ಎಂದು ನಿಖರವಾಗಿ ಅಳೆಯಲಾಗಿದೆ. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು.

ಈ ಚಿತ್ರ ಪೂರ್ತಿಯಾಗಿಲ್ಲ ಎಂಬುದನ್ನೂ ಹೇಳಬೇಕು. ವಿಶ್ವದಲ್ಲಿ ನಮಗೆ ಪರಿಚಿತವಾದ ಸಾಮಾನ್ಯ ದ್ರವ್ಯ ಶೇ 5ರಷ್ಟು ಮಾತ್ರ. ಉಳಿದದ್ದಕ್ಕೆ ಡಾರ್ಕ್ ಮ್ಯಾಟರ್, ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಿದ್ದೇವೆ; ಅವು ಏನೆಂದು ಇನ್ನೂ ತಿಳಿದಿಲ್ಲ. ಹಿಗ್ಗುವ ವೇಗವನ್ನು ಎರಡು ವಿಧಾನಗಳಲ್ಲಿ ಅಳೆದರೆ ಒಂದು ಕಡೆ ಸುಮಾರು 67, ಇನ್ನೊಂದು ಕಡೆ ಸುಮಾರು 73 ಎಂಬ ಉತ್ತರ ಬರುತ್ತಿದೆ. ಮತ್ತೆ, ಅತ್ಯಂತ ಆರಂಭದ ಕ್ಷಣಕ್ಕೆ ಹೋದರೆ ಐನ್‌ಸ್ಟೈನರ ಸಮೀಕರಣಗಳು ಕೈಕೊಡುತ್ತವೆ. ವಿಶ್ವ ಬಿಸಿಯಾದ, ದಟ್ಟವಾದ ಸ್ಥಿತಿಯಿಂದ ಹೇಗೆ ಹಿಗ್ಗಿತು ಎಂಬುದನ್ನು ಮಹಾಸ್ಫೋಟ ಸಿದ್ಧಾಂತ ವಿವರಿಸುತ್ತದೆ. ಆ ಸ್ಥಿತಿ ಯಾಕೆ ಬಂತು ಎಂಬುದನ್ನು ಅದು ಹೇಳುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟರೆ

ಈಗ ಸಂದೇಶದ ಲೆಕ್ಕವನ್ನು ಪರೀಕ್ಷಿಸೋಣ. ಭೂಮಿಯ ವಯಸ್ಸು 454 ಕೋಟಿ ವರ್ಷ, ಕಲ್ಪ 432 ಕೋಟಿ ವರ್ಷ. ಹತ್ತಿರವೇ ಅಲ್ಲವೇ?

ಭೂಮಿಯ ವಯಸ್ಸನ್ನು ಮೊದಲು ಸರಿಯಾಗಿ ಕೊಟ್ಟವರು ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಗಳಲ್ಲಿ ಯುರೇನಿಯಂ ಕ್ಷಯಿಸಿ ಸೀಸವಾದ ಪ್ರಮಾಣವನ್ನು ಅಳೆದು 1956ರಲ್ಲಿ ಅವರು 455 ಕೋಟಿ ಎಂದರು. ಇಂದಿನ 454 ಕೋಟಿಯಲ್ಲಿ ಸುಮಾರು 5 ಕೋಟಿ ಆಚೀಚೆ ಆಗಬಹುದು. 432 ಈ ಮಿತಿಯ ಹೊರಗಿದೆ. 22 ಕೋಟಿ ವರ್ಷದ ವ್ಯತ್ಯಾಸ ಸಣ್ಣದಲ್ಲ. ಡೈನೋಸಾರ್‌ಗಳು ಹುಟ್ಟಿ ಇಂದಿನವರೆಗೆ ಕಳೆದಿರುವ ಕಾಲವೂ ಸರಿಸುಮಾರು ಅಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 432 ಕೋಟಿ ಎಂಬುದು ಕಲ್ಪದ ಪೂರ್ಣ ಉದ್ದ. ಅದರಲ್ಲಿ ಈವರೆಗೆ ಕಳೆದದ್ದೆಷ್ಟು? ಇದಕ್ಕೆ ಪರಂಪರೆಯೇ ಉತ್ತರ ಕೊಟ್ಟಿದೆ. ಮನೆಯಲ್ಲಿ ಪೂಜೆ ನಡೆಯುವಾಗ ಪುರೋಹಿತರು ಸಂಕಲ್ಪ ಹೇಳುವುದನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ನಾವೀಗ ಏಳನೆಯದಾದ ವೈವಸ್ವತ ಮನ್ವಂತರದ 28ನೆಯ ಮಹಾಯುಗದ ಕಲಿಯುಗದಲ್ಲಿದ್ದೇವೆ ಎಂಬ ವಿಳಾಸ ಅದರಲ್ಲಿ ಬರುತ್ತದೆ. ಒಂದು ಮನ್ವಂತರಕ್ಕೆ 71 ಮಹಾಯುಗ. ಮನ್ವಂತರಗಳ ಆರಂಭದಲ್ಲೂ ನಡುವೆಯೂ ಕೃತಯುಗದಷ್ಟು ಉದ್ದದ ಸಂಧಿಕಾಲ ಬರುತ್ತದೆ. ಆರು ಮನ್ವಂತರ, ಏಳು ಸಂಧಿ, 27 ಮಹಾಯುಗ, ಮೇಲೆ ಮೂರು ಯುಗ – ಎಲ್ಲವನ್ನೂ ಕೂಡಿದರೆ ಸುಮಾರು 197 ಕೋಟಿ ವರ್ಷ ಬರುತ್ತದೆ. ಪೆನ್ನು ಹಿಡಿದು ನೀವೇ ಕೂಡಿ ನೋಡಿ. ಹಾಗಾಗಿ ಭೂಮಿಯ 454 ಕೋಟಿಗೆ ಹೋಲಿಸಬೇಕಾಗಿದ್ದರೆ ಹೋಲಿಸಬೇಕಾದ ಸಂಖ್ಯೆ 197 ಕೋಟಿ. ಅದು ಅರ್ಧಕ್ಕಿಂತ ಕಡಿಮೆ. ಸಂದೇಶ ಬರೆದವರು ಭೂಮಿಯ ಈಗಿನ ವಯಸ್ಸನ್ನು ಕಲ್ಪದ ಪೂರ್ಣ ಆಯುಸ್ಸಿಗೆ ಹೋಲಿಸಿದ್ದಾರೆ. ಹದಿನೇಳು ವರ್ಷದವರ ವಯಸ್ಸನ್ನು ಬೇರೊಬ್ಬರ ಪೂರ್ಣಾಯುಸ್ಸಿನ ಜೊತೆ ತಾಳೆ ನೋಡಿದ ಹಾಗೆ.

ಇಡೀ ವಿಶ್ವದ ವಯಸ್ಸನ್ನು ಹೋಲಿಸಿದರೂ ಹೀಗೆಯೇ ಆಗುತ್ತದೆ. ಅದೇ ಸಂಕಲ್ಪದ ಪ್ರಕಾರ ಬ್ರಹ್ಮನ ಆಯುಸ್ಸಿನ ಮೊದಲ ಅರ್ಧ ಮುಗಿದು ಎರಡನೆಯ ಅರ್ಧ ನಡೆಯುತ್ತಿದೆ. ಅಂದರೆ ಸುಮಾರು 155 ಲಕ್ಷ ಕೋಟಿ ವರ್ಷ ಕಳೆದಿದೆ. ಇದು 1,380 ಕೋಟಿಯ ಹನ್ನೊಂದು ಸಾವಿರ ಪಟ್ಟಿಗಿಂತ ಹೆಚ್ಚು. ಪರಂಪರೆಯಲ್ಲಿ ಹತ್ತಾರು ಸಂಖ್ಯೆಗಳಿರುವಾಗ ಹೊಂದುವ ಒಂದನ್ನು ಮಾತ್ರ ಆರಿಸಿ ಉಳಿದವನ್ನು ಮುಚ್ಚಿಟ್ಟರೆ, ಮೊದಲು ಬಾಣ ಬಿಟ್ಟು ಅದು ನಾಟಿದ ಕಡೆ ಗುರಿಯ ವೃತ್ತ ಬರೆದಂತಾಗುತ್ತದೆ.

ಈ ಹೋಲಿಕೆಯನ್ನು ಜಗತ್ತಿನಲ್ಲಿ ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್. 1980ರ ತಮ್ಮ 'ಕಾಸ್ಮೋಸ್' ಟಿವಿ ಸರಣಿಯಲ್ಲಿ ಹಿಂದೂ ಕಾಲಗಣನೆಯ ವಿಸ್ತಾರವನ್ನು ಅವರು ಮೆಚ್ಚಿ ಮಾತನಾಡಿದರು. ಆದರೆ ಈ ಹೊಂದಾಣಿಕೆ ಆಕಸ್ಮಿಕ ಎಂದು ಅದೇ ಮಾತಿನಲ್ಲಿ ಅವರು ಸೇರಿಸಿದ್ದರು. ಫಾರ್ವರ್ಡ್ ಆಗುವ ಸಂದೇಶಗಳಲ್ಲಿ ಆ ಭಾಗ ಇರುವುದಿಲ್ಲ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿರುವ ನಟರಾಜ ವಿಗ್ರಹದ ಚಿತ್ರವೂ ಇಂಥ ಸಂದೇಶಗಳಲ್ಲಿ ಬರುತ್ತದೆ. ಅದು ಭಾರತ ಸರ್ಕಾರ ಕೊಟ್ಟ ಉಡುಗೊರೆ, 2004ರಲ್ಲಿ ಅನಾವರಣವಾಯಿತು. ಸ್ನೇಹದ ಸುಂದರ ಸಂಕೇತ ಹೌದು, ಪ್ರಯೋಗದ ಫಲಿತಾಂಶವಲ್ಲ.

ಹಾಗಾದರೆ ಸಾಮ್ಯವೇ ಇಲ್ಲವೇ? ಮನೋಭಾವದ ಸಾಮ್ಯ ಇದೆ. ಜಗತ್ತು ಕೆಲವೇ ಸಾವಿರ ವರ್ಷ ಹಳೆಯದೆಂದು ಹಲವು ಕಡೆ ಭಾವಿಸಿದ್ದ ಕಾಲದಲ್ಲಿ ಇಲ್ಲಿಯವರು ಕೋಟಿಗಳಲ್ಲಿ ಯೋಚಿಸಲು ಹೆದರಲಿಲ್ಲ. ಸೃಷ್ಟಿ–ಲಯಗಳ ಚಕ್ರದ ಕಲ್ಪನೆಗೆ ದೂರದ ನೆಂಟನಂತೆ ಕಾಣುವ ವೈಜ್ಞಾನಿಕ ಮಾದರಿಗಳೂ ಇವೆ. ಪುಣೆಯಲ್ಲಿ ಅಯುಕಾ ಸಂಸ್ಥೆಯನ್ನು ಕಟ್ಟಿದ ಜಯಂತ ನಾರ್ಳೀಕರ್ ಅವರು ಹಾಯ್ಲ್ ಮತ್ತು ಬರ್ಬಿಜ್ ಜೊತೆ 1993ರಲ್ಲಿ ಹಿಗ್ಗಿ ಕುಗ್ಗುವ ವಿಶ್ವದ ಮಾದರಿಯೊಂದನ್ನು ಮಂಡಿಸಿದ್ದರು. ಹಿನ್ನೆಲೆ ವಿಕಿರಣದ ನಿಖರ ಅಳತೆಗಳ ಮುಂದೆ ಅದು ಹೆಚ್ಚು ಬೆಂಬಲ ಪಡೆಯಲಿಲ್ಲ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ಕಂಡುಕೊಂಡವು. ಅದು ತಿರುಗಿ ಕುಗ್ಗುತ್ತದೆ ಎನ್ನಲು ಇಂದು ಸಾಕ್ಷ್ಯವಿಲ್ಲ.

ಮುಖ್ಯ ವ್ಯತ್ಯಾಸ ಉತ್ತರದಲ್ಲಿಲ್ಲ, ಉತ್ತರಕ್ಕೆ ಹೋಗುವ ದಾರಿಯಲ್ಲಿದೆ. ವಿಜ್ಞಾನದಲ್ಲಿ ಯಾರೇ ಏನೇ ಹೇಳಲಿ, ಎರಡು ಪ್ರಶ್ನೆ ಕೇಳಬಹುದು. ಇದು ನಿನಗೆ ಹೇಗೆ ಗೊತ್ತಾಯಿತು? ಏನು ಕಂಡುಬಂದರೆ ಇದು ತಪ್ಪೆಂದು ಒಪ್ಪುತ್ತೀಯ?

ಶರಾವತಿ ಹಿನ್ನೀರಿನಲ್ಲಿ ನಡೆದ ಪರೀಕ್ಷೆ

ಈ ಎರಡು ಪ್ರಶ್ನೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು, ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ರೇಡಿಯೋ ಉಪಕರಣದಲ್ಲಿ ವಿಶ್ವದ ಮೊದಲ ನಕ್ಷತ್ರಗಳ ಕಾಲದ ಸುಳಿವು ಸಿಕ್ಕಿತು ಎಂದು ಪ್ರಕಟಿಸಿತು. ಅದು 78 ಮೆಗಾಹರ್ಟ್ಸ್ ಸುತ್ತಮುತ್ತ ಕಂಡ ಬಹಳ ಕ್ಷೀಣವಾದ ಸಂಕೇತ. ಜಗತ್ತಿನಾದ್ಯಂತ ಸುದ್ದಿಯಾಯಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 'ಸಾರಸ್' ಎಂಬ ತಮ್ಮದೇ ಉಪಕರಣದಿಂದ ಅದನ್ನು ಪರೀಕ್ಷಿಸಲು ಹೊರಟರು. ನೆಲದ ಮೇಲೆ ಆಂಟೆನಾ ಇಟ್ಟರೆ ಕೆಳಗಿನ ಮಣ್ಣಿನ ಪದರಗಳಿಂದ ಬರುವ ವಿಕಿರಣ ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ 2020ರಲ್ಲಿ ಅವರು ಆಂಟೆನಾವನ್ನು ತೆಪ್ಪದಂಥ ತೇಲುವ ವ್ಯವಸ್ಥೆಯ ಮೇಲೆ ದಂಡಿಗಾನಹಳ್ಳಿ ಕೆರೆಯಲ್ಲಿ, ಮತ್ತೆ ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. 2022ರ ಫೆಬ್ರುವರಿಯಲ್ಲಿ ಅವರ ಫಲಿತಾಂಶ ಬಂತು: ಅಮೆರಿಕದ ತಂಡ ಹೇಳಿದ ಸಂಕೇತ ಇಲ್ಲಿ ಕಾಣಿಸಲಿಲ್ಲ. ಯಾರೂ ಯಾರನ್ನೂ ಹೀಯಾಳಿಸಲಿಲ್ಲ. ದೊಡ್ಡ ದೇಶದ ದೊಡ್ಡ ತಂಡ ಹೇಳಿದ್ದನ್ನು ನಮ್ಮ ಮಲೆನಾಡಿನ ನೀರಿನ ಮೇಲೆ ನಿಂತು ಪರೀಕ್ಷಿಸಿದರು, ಸಿಕ್ಕಿದ್ದನ್ನು ಸಿಕ್ಕಿದಂತೆ ಬರೆದರು.

ಹೆಮ್ಮೆ ಪಡಬೇಕೆಂದರೆ ಇಂಥದ್ದಕ್ಕೆ ಪಡೋಣ. ಆರ್ಯಭಟನ ಬಗ್ಗೆಯೂ ಹೀಗೆಯೇ ಹೆಮ್ಮೆಪಡಲು ಸಾಧ್ಯ. ಒಂದು ಮಹಾಯುಗದಲ್ಲಿ 157,79,17,500 ದಿನಗಳಿವೆ, ಅಷ್ಟರಲ್ಲಿ ಚಂದ್ರ 5,77,53,336 ಸುತ್ತು ಹಾಕುತ್ತಾನೆ ಎಂದು ಅವನು ಕೊಟ್ಟಿದ್ದಾನೆ. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ. ಒಂದು ಸುತ್ತಿಗೆ 27.32167 ದಿನ ಬರುತ್ತದೆ. ಇಂದಿನ ಅಳತೆ 27.32166. ಅದೇ ದಿನಗಳನ್ನು 43,20,000ರಿಂದ ಭಾಗಿಸಿದರೆ ನಕ್ಷತ್ರಗಳಿಗೆ ಸಾಪೇಕ್ಷವಾದ ವರ್ಷದ ಉದ್ದ ಸಿಗುತ್ತದೆ. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ಮೂರೂವರೆ ನಿಮಿಷಕ್ಕಿಂತ ಕಡಿಮೆ. ದೂರದರ್ಶಕವಿಲ್ಲದ ಕಾಲದ ಈ ನಿಖರತೆ ಆಕಸ್ಮಿಕವಲ್ಲ. ಇದರ ಹಿಂದೆ ತಲೆಮಾರುಗಳ ವೀಕ್ಷಣೆ ಇದೆ. ಆ ಸಂದೇಶದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅಲ್‌ಬೆರೂನಿ ತೋರಿದ ದಾರಿ

ಇನ್ನೊಬ್ಬರ ಚಿಂತನೆಯನ್ನು ಹೋಲಿಸುವುದು ಹೇಗೆ ಎಂಬುದಕ್ಕೆ ನಿಮ್ಮ ಇತಿಹಾಸ ಪುಸ್ತಕದಲ್ಲೇ ಒಬ್ಬ ಮೇಷ್ಟ್ರು ಇದ್ದಾರೆ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಅಲ್‌ಬೆರೂನಿ, ಘಜ್ನಿ ಮಹಮೂದನ ದಾಳಿಗಳು ನಡೆಯುತ್ತಿದ್ದ ಕಾಲದಲ್ಲಿ ಸಂಸ್ಕೃತ ಕಲಿತು ಇಲ್ಲಿನ ಗ್ರಂಥಗಳನ್ನು ಓದಿದ. ಸುಮಾರು 1030ರಲ್ಲಿ ಅರಬ್ಬಿಯಲ್ಲಿ 'ಕಿತಾಬುಲ್ ಹಿಂದ್' ಬರೆದ. ಅದರಲ್ಲಿ ಬ್ರಹ್ಮಾಂಡ, ಯುಗ, ಮನ್ವಂತರ, ಕಲ್ಪಗಳಿಗೆಂದೇ ಅಧ್ಯಾಯಗಳಿವೆ. ಇದು ವಾದದಲ್ಲಿ ಗೆಲ್ಲಲು ಬರೆದ ಪುಸ್ತಕವಲ್ಲ, ಹಿಂದೂಗಳು ತಮ್ಮ ಬಗ್ಗೆ ಏನು ಹೇಳುತ್ತಾರೋ ಅದನ್ನೇ ಹಾಗೆಯೇ ಇಡುತ್ತೇನೆ ಎಂದು ಅವನು ಮುನ್ನುಡಿಯಲ್ಲಿ ಸ್ಪಷ್ಟಪಡಿಸುತ್ತಾನೆ. ಗ್ರೀಕರ ವಿಚಾರಗಳ ಜೊತೆ ಹೋಲಿಸುತ್ತಾನೆ. ಬ್ರಹ್ಮಗುಪ್ತನನ್ನು ಮೆಚ್ಚುತ್ತಾನೆ, ಆರ್ಯಭಟನ ಬಗ್ಗೆ ಅವನ ಮಾತು ಒರಟಾಯಿತು ಎಂದೂ ಹೇಳುತ್ತಾನೆ. ತನಗೆ ಒಪ್ಪದ್ದನ್ನು ಒಪ್ಪಿದಂತೆ ನಟಿಸುವುದಿಲ್ಲ. ಆದರೆ ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತಾನೆ.

ಒಂದು ಮಾತು ಮರೆಯಬಾರದು. ವೇದದ ಬಗ್ಗೆ ಬಂದಂಥ ಸಂದೇಶಗಳು ಕುರ್‌ಆನ್ ಬಗ್ಗೆ, ಬೈಬಲ್ ಬಗ್ಗೆಯೂ ಬರುತ್ತವೆ. ನನ್ನ ಮೊಬೈಲಿಗೂ ಬಂದಿವೆ. ಬೇರೆಯವರ ಗ್ರಂಥದ ಬಗ್ಗೆ ಬಂದಾಗ ನಗುವುದು, ನಮ್ಮದರ ಬಗ್ಗೆ ಬಂದಾಗ ಹತ್ತು ಜನಕ್ಕೆ ಕಳುಹಿಸುವುದು ನ್ಯಾಯವಲ್ಲ. ಅಳೆಯುವ ಸೇರು ಎಲ್ಲರಿಗೂ ಒಂದೇ ಇರಬೇಕು. ವಿಜ್ಞಾನದ ಸಿದ್ಧಾಂತ ಸಾಕ್ಷ್ಯ ಸಿಕ್ಕಂತೆ ಬದಲಾಗುತ್ತಿರುತ್ತದೆ. ಇಂದಿನ ಸಿದ್ಧಾಂತದ ಹೊಂದಾಣಿಕೆಯ ಮೇಲೆ ಗ್ರಂಥದ ಗೌರವವನ್ನು ನಿಲ್ಲಿಸಿದರೆ, ನಾಳೆ ಸಿದ್ಧಾಂತ ಬದಲಾದಾಗ ಆ ಗೌರವದ ಗತಿಯೇನು?

ಕೊನೆಯದಾಗಿ

ಆ ವಿದ್ಯಾರ್ಥಿನಿಗೆ ನನ್ನ ಉತ್ತರ: ಪರೀಕ್ಷೆಯಲ್ಲಿ 432 ಕೋಟಿ ಬರೆಯಬೇಡಮ್ಮ, ಅಂಕ ಸಿಗುವುದಿಲ್ಲ. ಆದರೆ ನಾಸದೀಯ ಸೂಕ್ತವನ್ನು ಒಂದು ಒಳ್ಳೆಯ ಅನುವಾದದಲ್ಲಿ ಓದು. ಆ ಸಂದೇಶದಲ್ಲಿದ್ದುದಕ್ಕಿಂತ ದೊಡ್ಡ ವಿಷಯ ಅಲ್ಲಿದೆ. ಮೂರು ಸಾವಿರ ವರ್ಷದ ಹಿಂದೆ ಒಬ್ಬರು 'ತಿಳಿಯದು' ಎಂದು ಧೈರ್ಯವಾಗಿ ಹೇಳಿದ್ದಾರೆ. ಎಲ್ಲದರ ಮೊದಲ ಕ್ಷಣದ ಬಗ್ಗೆ ಕೇಳಿದರೆ ಇಂದಿನ ವಿಶ್ವವಿಜ್ಞಾನಿಯ ಉತ್ತರವೂ ಅದೇ.

ನಕ್ಕ ಹುಡುಗನಿಗೆ: ನಿನಗೆ ವಿಜ್ಞಾನ ಇಷ್ಟವೆಂದು ಗೊತ್ತು. ಹಾಗಿದ್ದರೆ ಮೊದಲು ಓದು, ಆಮೇಲೆ ಬೇಕಾದರೆ ನಗು. ಪರೀಕ್ಷಿಸದೆ ತಳ್ಳುವುದೂ ಪರೀಕ್ಷಿಸದೆ ನಂಬುವುದೂ ಒಂದೇ ಸೋಮಾರಿತನ.

ಇಬ್ಬರಿಗೂ ಒಂದು ಕೆಲಸ ಕೊಡುತ್ತಿದ್ದೇನೆ. ಮುಂದಿನ ಪ್ರಾಯೋಗಿಕ ತರಗತಿಗೆ ಬರುವಾಗ 197 ಕೋಟಿಯ ಲೆಕ್ಕವನ್ನೂ ಆರ್ಯಭಟನ ಚಂದ್ರನ ಲೆಕ್ಕವನ್ನೂ ಮಾಡಿಕೊಂಡು ಬನ್ನಿ. ಒಬ್ಬರು ಸಂಖ್ಯೆ ಓದಬೇಕು, ಇನ್ನೊಬ್ಬರು ಬರೆಯಬೇಕು. ಅದಕ್ಕೆ ಒಂದೇ ಮೇಜು ಸಾಕು.